‘ರಿಮೆಂಬರ್ ಮಿ’ ಒತ್ತಿದರೂ ಲಾಗಿನ್ ಉಳಿಯದಿದ್ದರೆ: ದೋಷ ಹುಡುಕುವ ಕ್ರಮ

ಲಾಗಿನ್ ಪುಟದಲ್ಲಿ ‘ರಿಮೆಂಬರ್ ಮಿ’ ಚೌಕಕ್ಕೆ ಗುರುತು ಹಾಕಿದ ಬಳಕೆದಾರರು ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಪಾಸ್‌ವರ್ಡ್ ಕೇಳುವ ಜಾಲತಾಣಗಳಿಗೆ ಇಂದಿಗೂ ಬರವಿಲ್ಲ. ದೂರು ಬಂದ ಕೂಡಲೇ ತಾಣ ನೋಡಿಕೊಳ್ಳುವವರು ಕುಕಿಯ ಅವಧಿಯನ್ನು 30 ದಿನಕ್ಕೆ ಏರಿಸಿ ‘ಸರಿಹೋಯಿತು’ ಎಂದು ಉತ್ತರಿಸುವುದನ್ನೂ, ಮರುದಿನ ಅದೇ ದೂರು ತಿರುಗಿ ಬರುವುದನ್ನೂ ಲೆಕ್ಕ ತಪ್ಪುವಷ್ಟು ಸಲ ಕಂಡಿದ್ದೇನೆ. ಪಿಎಚ್‌ಪಿಯಲ್ಲಿ ಬರೆದು ಬಾಡಿಗೆ ಹೋಸ್ಟಿಂಗ್‌ನಲ್ಲಿಟ್ಟ ಸಣ್ಣ ತಾಣವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಬೇರೆ ಭಾಷೆಯಲ್ಲಿ ಕಟ್ಟಿದವರಿಗೂ ಹುಡುಕುವ ಕ್ರಮ ಇದೇ.

ಲಾಗಿನ್ ಎಂಬುದು ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡಿನ ವ್ಯವಹಾರದಂತೆ. ನಿಮ್ಮ ಕೈಯಲ್ಲಿರುವುದು ಸಂಖ್ಯೆ ಬರೆದ ಬಿಲ್ಲೆ ಮಾತ್ರ, ಚಪ್ಪಲಿ ಇರುವುದು ಅವರ ಗೂಡಿನಲ್ಲಿ. ಬ್ರೌಸರ್ ಇಟ್ಟುಕೊಳ್ಳುವ ಕುಕಿ ಆ ಬಿಲ್ಲೆ, ಸರ್ವರ್‌ನಲ್ಲಿರುವ ಸೆಷನ್ ಕಡತ ಆ ಗೂಡು. ಬಿಲ್ಲೆ ಕಳೆದರೂ ಗೂಡು ಖಾಲಿಯಾದರೂ ನೀವು ಬರಿಗಾಲಿನಲ್ಲೇ ಮನೆಗೆ ಹೋಗಬೇಕು. ಆದ್ದರಿಂದ ಒಂದು ಸಾಲು ಕೋಡನ್ನೂ ಮುಟ್ಟುವ ಮೊದಲು, ಕಳೆದದ್ದು ಯಾವುದು ಎಂದು ಪತ್ತೆ ಮಾಡಬೇಕು. ಹೆಚ್ಚಿನವರು ಎಡವುವುದೇ ಈ ಹಂತದಲ್ಲಿ.

ತಾಣಕ್ಕೆ ಲಾಗಿನ್ ಆಗಿ ಎಫ್12 ಒತ್ತಿರಿ. ಕ್ರೋಮ್‌ನಲ್ಲಾದರೆ ‘ಅಪ್ಲಿಕೇಷನ್’, ಫೈರ್‌ಫಾಕ್ಸ್‌ನಲ್ಲಾದರೆ ‘ಸ್ಟೋರೇಜ್’ ವಿಭಾಗದಲ್ಲಿ ಕುಕಿಗಳ ಪಟ್ಟಿ ಇರುತ್ತದೆ. ಸೆಷನ್ ಕುಕಿಯ ಮೌಲ್ಯದ ಕೊನೆಯ ಐದಾರು ಅಕ್ಷರಗಳನ್ನೂ ಆಗಿನ ಸಮಯವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಅವಧಿಯ ಕಾಲಂನಲ್ಲಿ ದಿನಾಂಕದ ಬದಲು ‘ಸೆಷನ್’ ಎಂದಿದ್ದರೆ, ಬ್ರೌಸರ್ ಮುಚ್ಚಿದೊಡನೆ ಆ ಕುಕಿ ಅಳಿಸಿಹೋಗಬೇಕು. ಆದರೆ ‘ಬಿಟ್ಟಲ್ಲಿಂದ ಮುಂದುವರಿಸು’ ಎಂಬ ಆಯ್ಕೆ ಹಾಕಿಕೊಂಡ ಕ್ರೋಮ್ ಇಂಥ ಕುಕಿಯನ್ನೂ ಉಳಿಸಿಕೊಳ್ಳುವುದರಿಂದ, ಕೋಡ್ ಬರೆದವರ ಯಂತ್ರದಲ್ಲಿ ಎಲ್ಲವೂ ಸರಿಯಾಗಿದ್ದು ಗ್ರಾಹಕರ ಯಂತ್ರದಲ್ಲಿ ಮಾತ್ರ ಕೈಕೊಡುವುದುಂಟು. ಬಳಿಕ ‘ನೆಟ್‌ವರ್ಕ್’ ವಿಭಾಗದಲ್ಲಿ ‘ಪ್ರಿಸರ್ವ್ ಲಾಗ್’ ಗುರುತು ಹಾಕಿರಿ. ಹಾಕದಿದ್ದರೆ ಲಾಗಿನ್ ಪುಟಕ್ಕೆ ದೂಡಿದ ಕ್ಷಣದಲ್ಲಿ ಹಿಂದಿನ ವಿನಂತಿಯ (ಪುಟ ಬೇಕೆಂದು ಬ್ರೌಸರ್ ಸರ್ವರ್‌ಗೆ ಕಳಿಸಿದ ಕೋರಿಕೆಯ) ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಇಷ್ಟಾದ ಮೇಲೆ ತಾಣವನ್ನು ಮುಟ್ಟದೆ ಕಾಯಬೇಕು. ಅರ್ಧ ಗಂಟೆಯ ನಂತರ ಒಳಗಿನ ಯಾವುದಾದರೂ ಪುಟವನ್ನು ತೆರೆದು, ಮೊದಲ ವಿನಂತಿಯ ಜೊತೆ ಕುಕಿ ಹೋಗಿದೆಯೇ, ಹೋಗಿದ್ದರೆ ಬರೆದಿಟ್ಟ ಅಕ್ಷರಗಳೇ ಅದರಲ್ಲಿವೆಯೇ ಎಂದು ನೋಡಿ.

ಕುಕಿಯೇ ಹೋಗಿಲ್ಲವೆಂದರೆ ಬಿಲ್ಲೆ ಕಳೆದಿದೆ. ಅದೇ ಕುಕಿ ಹೋಗಿಯೂ ಲಾಗಿನ್ ಪುಟ ಬಂದರೆ ಗೂಡು ಖಾಲಿಯಾಗಿದೆ. ಇಲ್ಲೊಂದು ಮೋಸವಿದೆ. ಪಿಎಚ್‌ಪಿಯ ‘ಯೂಸ್ ಸ್ಟ್ರಿಕ್ಟ್ ಮೋಡ್’ ಮೂಲತಃ ಆಫ್ ಆಗಿಯೇ ಇರುತ್ತದೆಯಾದ್ದರಿಂದ, ಹಳೆಯ ಸಂಖ್ಯೆ ಬಂದಾಗ ಸರ್ವರ್ ಅದನ್ನು ತಿರಸ್ಕರಿಸದೆ ಅದೇ ಸಂಖ್ಯೆಯಲ್ಲಿ ಹೊಸ ಖಾಲಿ ಸೆಷನ್ ತೆರೆಯುತ್ತದೆ. ಕುಕಿಯ ಮೌಲ್ಯ ಬದಲಾಗದಿರುವುದನ್ನು ಕಂಡು ‘ಸೆಷನ್ ಇದ್ದೇ ಇದೆ’ ಎಂದು ಭ್ರಮಿಸಿದವರು ದಿನಗಟ್ಟಲೆ ಬ್ರೌಸರನ್ನು ಶಪಿಸುತ್ತ ಕೂರುತ್ತಾರೆ.

ಬಿಲ್ಲೆ ಕಳೆಯುವ ಕಾರಣಗಳು ಸುಲಭ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸದಲ್ಲಿ ಕೊಟ್ಟ ಕುಕಿ, ಡೊಮೇನ್ ನಮೂದಿಸದಿದ್ದರೆ, ಅದಿಲ್ಲದ ವಿಳಾಸಕ್ಕೆ ಹೋಗುವುದಿಲ್ಲ. ಒಂದನ್ನು ಇನ್ನೊಂದಕ್ಕೆ ಕಡ್ಡಾಯವಾಗಿ ತಿರುಗಿಸಿ. ‘ಸೇಮ್‌ಸೈಟ್ ನನ್’ (ಬೇರೆ ತಾಣದಿಂದ ಹೊರಟ ವಿನಂತಿಯೊಡನೆಯೂ ಕುಕಿ ಹೋಗಲಿ) ಎಂದು ಬರೆದು ‘ಸೆಕ್ಯೂರ್’ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗಲಿ) ಎಂಬುದನ್ನು ಬಿಟ್ಟರೆ ಕ್ರೋಮ್ ಕುಕಿಯನ್ನು ಸ್ವೀಕರಿಸುವುದೇ ಇಲ್ಲ. ಜಾವಾಸ್ಕ್ರಿಪ್ಟ್‌ನಿಂದ ಬರೆದ ಕುಕಿಯನ್ನು ಸಫಾರಿ 7 ದಿನಕ್ಕಿಂತ ಹೆಚ್ಚು ಉಳಿಸುವುದಿಲ್ಲ, ಕ್ರೋಮ್ ಯಾವ ಕುಕಿಗೂ 400 ದಿನಕ್ಕಿಂತ ಹೆಚ್ಚಿನ ಆಯುಷ್ಯ ಕೊಡುವುದಿಲ್ಲ. ಆದ್ದರಿಂದ ಕುಕಿಯನ್ನು ಸರ್ವರ್‌ನಿಂದಲೇ ಕೊಡಿ, ಹತ್ತು ವರ್ಷದ ಅವಧಿ ಬರೆಯುವ ಆಸೆ ಬಿಡಿ.

ಗೂಡು ಖಾಲಿಯಾಗುವ ಕಥೆ ಇನ್ನೂ ಸ್ವಾರಸ್ಯದ್ದು. ಪಿಎಚ್‌ಪಿಯಲ್ಲಿ ಕುಕಿಯ ಅವಧಿಗೊಂದು, ಸರ್ವರ್‌ನಲ್ಲಿ ಸೆಷನ್ ಉಳಿಯುವ ಅವಧಿಗೊಂದು, ಹೀಗೆ ಎರಡು ಪ್ರತ್ಯೇಕ ಸೆಟ್ಟಿಂಗ್‌ಗಳಿವೆ. ಎರಡನೆಯದಾದ ‘ಜಿಸಿ ಮ್ಯಾಕ್ಸ್‌ಲೈಫ್‌ಟೈಮ್’ನ ಮೂಲ ಬೆಲೆ 1440 ಸೆಕೆಂಡ್, ಅಂದರೆ ಕೇವಲ 24 ನಿಮಿಷ. ಕುಕಿಗೆ 30 ದಿನ ಕೊಟ್ಟು ಇದನ್ನು ಮರೆತರೆ ತಿಂಗಳ ಬಿಲ್ಲೆಗೆ 24 ನಿಮಿಷದ ಗೂಡು ಸಿಕ್ಕಂತಾಗುತ್ತದೆ. ಹಳೆಯ ಕಡತಗಳನ್ನು ಗುಡಿಸುವ ಕೆಲಸವೂ ಪ್ರತಿ ಸಲ ನಡೆಯುವುದಿಲ್ಲ, ಮೂಲ ಲೆಕ್ಕದಲ್ಲಿ ನೂರು ವಿನಂತಿಗಳಿಗೆ ಒಂದರಂತೆ ಯಾದೃಚ್ಛಿಕವಾಗಿ ನಡೆಯುತ್ತದೆ. ಒಬ್ಬರೇ ಬಳಸುವ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಗಂಟೆಗಟ್ಟಲೆ ಉಳಿದು, ಜನ ಹೆಚ್ಚಿದ ತಾಣದಲ್ಲಿ ಬೇಗ ಕಳಚುವುದು ಇದಕ್ಕೇ. ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ಗುಡಿಸುವುದು ಪ್ರತ್ಯೇಕ ನಿಗದಿತ ಕೆಲಸ. ಅದು ಪಿಎಚ್‌ಪಿಯ ಸಂರಚನಾ ಕಡತವನ್ನು ಓದುತ್ತದೆಯೇ ಹೊರತು ನಿಮ್ಮ ಕೋಡಿನೊಳಗೆ ಬದಲಿಸಿದ ಬೆಲೆಯನ್ನಲ್ಲ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ನಾಲ್ಕು ತಾಣಗಳು ಒಂದೇ ಫೋಲ್ಡರ್‌ನಲ್ಲಿ ಸೆಷನ್ ಇಟ್ಟಿದ್ದರೆ, ಎಲ್ಲರಿಗಿಂತ ಕಡಿಮೆ ಅವಧಿ ಇಟ್ಟುಕೊಂಡವನು ಉಳಿದವರ ಕಡತಗಳನ್ನೂ ಗುಡಿಸುತ್ತಾನೆ. ನಿಮ್ಮ ತಾಣಕ್ಕೆ ಪ್ರತ್ಯೇಕ ಫೋಲ್ಡರ್ ಮಾಡಿಕೊಳ್ಳುವುದು ಎರಡು ನಿಮಿಷದ ಕೆಲಸ.

ಇಷ್ಟು ಹೇಳಿಯೂ, ಸೆಷನ್ನನ್ನೇ 30 ದಿನಕ್ಕೆ ಎಳೆಯುವುದು ನನಗೆ ಒಪ್ಪಿತವಲ್ಲ. ಸೆಷನ್ ಚಿಕ್ಕದಾಗಿಯೇ ಇರಲಿ, ನೆನಪಿಗೆ ಬೇರೆ ಕುಕಿ ಇರಲಿ. 32 ಬೈಟಿನ ಯಾದೃಚ್ಛಿಕ ಟೋಕನ್ (ಊಹಿಸಲಾಗದ ಗುರುತು) ಹುಟ್ಟಿಸಿ, ಅದನ್ನು ‘ಎಚ್‌ಟಿಟಿಪಿ ಓನ್ಲಿ’ (ಜಾವಾಸ್ಕ್ರಿಪ್ಟ್ ಓದಲಾಗದ), ‘ಸೆಕ್ಯೂರ್’, ‘ಸೇಮ್‌ಸೈಟ್ ಲ್ಯಾಕ್ಸ್’ ಗುಣಗಳೊಡನೆ ಕುಕಿಯಾಗಿ ಕೊಡಿ; ಡೇಟಾಬೇಸ್‌ನಲ್ಲಿ ಅದರ ಹ್ಯಾಶ್ (ಅದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಮೌಲ್ಯ), ಬಳಕೆದಾರರ ಸಂಖ್ಯೆ ಮತ್ತು ಮುಗಿಯುವ ದಿನಾಂಕ ಮಾತ್ರ ಇರಲಿ. ಸೆಷನ್ ಇಲ್ಲದಾಗ ಈ ಟೋಕನ್ ಡೇಟಾಬೇಸ್‌ನ ಹ್ಯಾಶ್‌ಗೆ ತಾಳೆಯಾದರೆ ಹೊಸ ಸೆಷನ್ ಆರಂಭಿಸಿ, ಟೋಕನನ್ನೂ ಬದಲಿಸಿ. ಬದಲಿಸಿದ ಮೇಲೆ ಹಳೆಯದು ಒಂದು ನಿಮಿಷ ನಡೆಯುವಂತೆ ಬಿಡುವುದನ್ನು ಮರೆತರೆ, ಒಟ್ಟಿಗೆ ತೆರೆದ ಎರಡು ಟ್ಯಾಬ್‌ಗಳಲ್ಲಿ ಒಂದು ಇನ್ನೊಂದನ್ನು ಹೊರಗೆ ಹಾಕುತ್ತದೆ. ಅಗ್ಗಕ್ಕೆ ಮಾರುವ ಸಿದ್ಧ ಲಾಗಿನ್ ಸ್ಕ್ರಿಪ್ಟ್‌ಗಳಲ್ಲಿ ಬಳಕೆದಾರರ ಹೆಸರಿನ ಎಂಡಿ5 ಹ್ಯಾಶನ್ನೇ ಕುಕಿಯಾಗಿ ಇಟ್ಟದ್ದನ್ನು ನೋಡಿದ್ದೇನೆ. ಹೆಸರು ಗೊತ್ತಿದ್ದ ಯಾರಾದರೂ ಆ ಬಿಲ್ಲೆಯನ್ನು ತಾವೇ ಕೆತ್ತಿಕೊಳ್ಳಬಹುದು. ಅಂಥವನ್ನು ದುರಸ್ತಿ ಮಾಡಲು ಹೋಗದೆ ಕಿತ್ತೆಸೆಯಿರಿ.

ಪರೀಕ್ಷೆಗಾಗಿ 30 ದಿನ ಕಾಯಬೇಕಿಲ್ಲ. ಸೆಷನ್ನಿಗೆ ಒಂದು ನಿಮಿಷ, ಟೋಕನ್ನಿಗೆ ಐದು ನಿಮಿಷ ಕೊಟ್ಟು, ಗುಡಿಸುವ ಕೆಲಸ ಪ್ರತಿ ವಿನಂತಿಗೂ ನಡೆಯುವಂತೆ ಮಾಡಿ ನೋಡಿ: ಎರಡನೆಯ ನಿಮಿಷದಲ್ಲಿ ಪಾಸ್‌ವರ್ಡ್ ಕೇಳಬಾರದು, ಆ ಬಳಿಕ ಆರು ನಿಮಿಷ ಮುಟ್ಟದೆ ಬಿಟ್ಟರೆ ಕೇಳಲೇಬೇಕು. ಖಾಸಗಿ ಕಿಟಕಿಯಲ್ಲಿ ಪರೀಕ್ಷಿಸಬೇಡಿ, ಅದು ಮುಚ್ಚಿದಾಗ ಎಲ್ಲ ಕುಕಿಗಳನ್ನೂ ಚೆಲ್ಲುತ್ತದೆ. ಕೊನೆಗೆ ಲಾಗ್‌ಔಟ್ ಒತ್ತಿ, ಡೇಟಾಬೇಸ್‌ನ ಸಾಲೂ ಅಳಿಸಿದೆಯೇ ಎಂದು ನೋಡಿ. ಕುಕಿಯನ್ನು ಅಳಿಸುವಾಗ ಕೊಡುವಾಗಿನ ಪಾತ್ ಮತ್ತು ಡೊಮೇನ್‌ಗಳನ್ನೇ ಬರೆಯದಿದ್ದರೆ ಅದು ಅಳಿಯುವುದಿಲ್ಲ, ಆಗ ‘ಲಾಗ್‌ಔಟ್ ಆಗುತ್ತಲೇ ಇಲ್ಲ’ ಎಂಬ ದೂರು ಬರುತ್ತದೆ.