ಕಿಟಕಿಯೊಳಗೆ ಇಣುಕಿದಾಗ ಸಿಕ್ಕಿದ ನಿಜವಾದ ಹೆಸರು

ತೀರ್ಥಹಳ್ಳಿಯ ಮನೆಯಲ್ಲಿ ನನ್ನದೊಂದು ಹಳೆಯ ಝಡ್80 ಕಿಟ್ (ಝಡ್80 ಪ್ರೊಸೆಸರಿನ ಪುಟ್ಟ ಕಂಪ್ಯೂಟರ್) ಇದೆ. ಅದರ 2732 ಈಪ್ರಾಮ್, ಅಂದರೆ ಯುವಿ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್, ಕೆಟ್ಟಿತ್ತು. ಆನ್‌ಲೈನಲ್ಲಿ ಐದು ಚಿಪ್ ತರಿಸಿದೆ. 2732ಕ್ಕೆ ಬರೆಯಲು 25 ವೋಲ್ಟ್ ಬೇಕು, ಅಷ್ಟೇ ಕೊಟ್ಟೆ. ಎರಡು ಚಿಪ್ ಅಲ್ಲೇ ಸತ್ತವು. ತುಂಬಾ ಬೇಜಾರಾಯಿತು. ಹಳೆಯ ಚಿಪ್ ಸಿಗುವುದೇ ಕಷ್ಟ ಅಲ್ವಾ?

ಮೂರನೆಯದನ್ನು ಹಾಕುವ ಮೊದಲು ಹತ್ತಿಗೆ ಅಸಿಟೋನ್ ಹಚ್ಚಿ ಉಜ್ಜಿದೆ. ಮೇಲಿನ ಅಕ್ಷರಗಳು ಹತ್ತಿಗೇ ಬಂದವು. ಕೆಳಗೆ ಮರಳುಕಾಗದದಿಂದ ತಿಕ್ಕಿದ ಗೆರೆಗಳು. ಅಂದರೆ ಯಾರೋ ಮೊದಲಿನ ಹೆಸರು ಅಳಿಸಿ 2732 ಎಂದು ಮುದ್ರಿಸಿದ್ದರು. ಆಮೇಲೆ ಚಿಪ್ಪಿನ ಪುಟ್ಟ ಗಾಜಿನ ಕಿಟಕಿಗೆ ಭೂತಗನ್ನಡಿ ಹಿಡಿದೆ. ಒಳಗೆ ಸಿಲಿಕಾನ್ ಅಂಚಿನಲ್ಲಿ ಸಣ್ಣದಾಗಿ '2732ಎ' ಅಂತಿತ್ತು! ಆ ಒಂದು ಅಕ್ಷರದಲ್ಲೇ ಇತ್ತು ಎಲ್ಲ. 2732ಎ ಬೇಡುವುದು 21 ವೋಲ್ಟ್ ಮಾತ್ರ, 25 ಅದಕ್ಕೆ ಜಾಸ್ತಿ.

ಚಿಪ್ಪಿನಲ್ಲಿದ್ದ ಹಳೆಯ ಮಾಹಿತಿ ಅಳಿಸಲು ಬಿಸಿಲಿಗಿಡೋಣವೆಂದರೆ ಆಷಾಢದ ಮಳೆ. ಬಿಸಿಲಿದ್ದರೂ ವಾರದಷ್ಟು ಹೊತ್ತು ಬೇಕು. 254 ನ್ಯಾನೋಮೀಟರಿನ ಯುವಿ ದೀಪದಡಿ 20 ನಿಮಿಷ ಇಟ್ಟೆ. 4096 ಬೈಟುಗಳೂ ಎಫ್‌ಎಫ್, ಅಂದರೆ ಖಾಲಿ, ಆದವು. 21 ವೋಲ್ಟಿಗೆ ಇಳಿಸಿ ಬರೆದೆ, ಮತ್ತೆ ಓದಿ ತಾಳೆ ನೋಡಿದೆ. ಒಂದೂ ತಪ್ಪಿಲ್ಲ. ಬೆಳಕು ಬೀಳದಂತೆ ಕಿಟಕಿಗೆ ಕಪ್ಪು ಟೇಪ್ ಅಂಟಿಸಿ ಕಿಟ್‌ಗೆ ಕೂರಿಸಿದೆ. ಕೆಂಪು ಅಂಕಿಗಳು ಹತ್ತಿಕೊಂಡವು.