ಬೋಜೊಲೆ ವೈನ್: ದ್ರಾಕ್ಷಿ ಕಿವುಚದೆ ಹುದುಗಿಸುವುದು ಹೇಗೆ?

ವೈನ್ ಮಾಡ್ತೀನಿ ಎಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ದ್ರಾಕ್ಷಿಯನ್ನು ಚೆನ್ನಾಗಿ ಕಿವುಚುತ್ತಾರೆ. ಫ್ರಾನ್ಸಿನ ಲಿಯಾನ್ ನಗರದಿಂದ ಉತ್ತರಕ್ಕಿರುವ ಬೋಜೊಲೆಯ ಕೆಂಪು ವೈನ್ ಬೇಕಿದ್ದರೆ ಅಲ್ಲೇ ಕೈ ತಡೆಯಬೇಕು.

ಹಣ್ಣು ಗಾಮೇ ತಳಿಯದ್ದೇ ಆಗಬೇಕು. ಸಿಪ್ಪೆ ತೆಳು, ಒಗರು ಕಡಿಮೆ, ರಸ ಜಾಸ್ತಿ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ಬಳ್ಳಿ ಕಿತ್ತುಹಾಕಿಸಲು ಆಜ್ಞೆ ಹೊರಡಿಸಿದ್ದ. ಬರ್ಗಂಡಿಯಿಂದ ದಕ್ಷಿಣಕ್ಕಿರುವ ಬೋಜೊಲೆಯ ಗ್ರಾನೈಟ್ ಗುಡ್ಡಗಳಲ್ಲಿ ಅದು ಉಳಿದುಕೊಂಡಿತು.

ಕೊಯ್ಲು ಕೈಯಿಂದಲೇ. ಯಂತ್ರಕ್ಕೆ ಸಿಕ್ಕಿದರೆ ಕಾಳು ಉದುರಿ ಒಡೆಯುತ್ತದೆ.

ಕೆಡುವುದು ಮುಂದಿನ ಹಂತದಲ್ಲಿ. ಗೊಂಚಲುಗಳನ್ನು ಬಿಡಿಸದೆ, ಇಡಿಯಾಗಿ, ಮೆಲ್ಲಗೆ ತೊಟ್ಟಿಗೆ ಇಳಿಸಬೇಕು. ಮೇಲಿನ ಭಾರಕ್ಕೆ ತಳದ ಹಣ್ಣು ತಾನಾಗಿ ಒಡೆದು ರಸ ಬಿಡುತ್ತದೆ. ಅಷ್ಟು ಸಾಕು. ಆ ರಸ ಹುದುಗಲು ಶುರುವಾದರೆ ಇಂಗಾಲದ ಡೈಆಕ್ಸೈಡ್ ಎದ್ದು, ತೊಟ್ಟಿಯಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ದಬ್ಬುತ್ತದೆ. ಆಮ್ಲಜನಕ ಸಿಗದ ಇಡೀ ಹಣ್ಣು ಆಗ ತನ್ನೊಳಗಿನ ಕಿಣ್ವಗಳಿಂದಲೇ ಸಕ್ಕರೆಯನ್ನು ಆಲ್ಕೋಹಾಲ್ ಮಾಡತೊಡಗುತ್ತದೆ. ಇದಕ್ಕೆ ಯೀಸ್ಟ್ ಬೇಕಾಗಿಲ್ಲ! ಹುಳಿ ಇಳಿಯುತ್ತದೆ, ಸಿಪ್ಪೆಯ ಬಣ್ಣ ತಿರುಳಿಗೆ ಹರಿಯುತ್ತದೆ. ಈ ಹೊತ್ತಿನಲ್ಲಿ ಒಂದು ಕಾಳು ಹಿಚುಕಿ ನೋಡಿ, ತಿರುಳು ಗುಲಾಬಿಯಾಗಿರುತ್ತದೆ; ಬಾಯಿಗೆ ಹಾಕಿದರೆ ನಾಲಿಗೆ ಚುರುಗುಟ್ಟುತ್ತದೆ. ಒಳಗಿನ ಆಲ್ಕೋಹಾಲ್ ಸುಮಾರು ಶೇ 2 ಮುಟ್ಟಿದ ಮೇಲೆ ಹಣ್ಣು ಬಿರಿಯುತ್ತದೆ. ಬೋಜೊಲೆಯ ಆ ತಾಜಾ ಚೆರ್ರಿ, ರಾಸ್‌ಬೆರಿ ಘಮದ ಮೂಲ ಇದೇ.

ಸುಮ್ನೆ ಕುತೂಹಲಕ್ಕೆ ಮುಚ್ಚಳ ತೆಗೆಯುತ್ತಿರಬೇಡಿ, ಗಾಳಿ ಹೊಕ್ಕರೆ ಕೆಲಸ ಕೆಡುತ್ತದೆ. ತೊಟ್ಟಿಯೊಳಗೆ ತಲೆ ಹಾಕಲೇಬೇಡಿ. ಆ ಅನಿಲ ಪ್ರಾಣ ತೆಗೆಯುತ್ತದೆ.

ನೂವೊ ಎಂಬ ಎಳೆಯ ವೈನಿಗೆ ನಾಲ್ಕೈದು ದಿನ ಸಾಕು. ಮೊರ್ಗೋನ್, ಫ್ಲರಿ ಸೇರಿ ಹೆಸರಾದ 10 ಜಾಗಗಳ ವೈನಿಗೆ ಹತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಆಮೇಲೆ ಹಿಂಡಿ, ಉಳಿದ ಸಕ್ಕರೆಯನ್ನು ಯೀಸ್ಟಿಗೆ ಬಿಟ್ಟರಾಯಿತು. ಹಿಂಡಿದ ರಸ ಕೀಳು ಅಂದುಕೊಳ್ಳಬೇಡಿ. ಈ ವಿಧಾನದಲ್ಲಿ ಒಳ್ಳೆಯ ಘಮ ಹೆಚ್ಚಾಗಿ ಅದರಲ್ಲೇ ಇರುತ್ತದೆ.

ರಸ ಬಿಸಿ ಮಾಡಿ, ಆಯ್ದ ಯೀಸ್ಟ್ ಹಾಕಿ ಬೇಗ ಮುಗಿಸುವವರೂ ಇದ್ದಾರೆ. ಮೂಗಿಗೆ ಬಾಳೆಹಣ್ಣಿನ ಎಸೆನ್ಸ್ ರಪ್ಪನೆ ಹೊಡೆಯುವ ಬಾಟಲಿಗೆ ದುಡ್ಡು ಹಾಕಬೇಡಿ. ನೂವೊ ನವೆಂಬರಿನ ಮೂರನೇ ಗುರುವಾರ ಮಾರಾಟಕ್ಕೆ ಬರುತ್ತದೆ. ಕೆಲವೇ ತಿಂಗಳಲ್ಲಿ ಕುಡಿದು ಮುಗಿಸಿ. ಇಟ್ಟು ಕುಡಿಯುವುದಿದ್ದರೆ ಮೊರ್ಗೋನ್ ಕೊಳ್ಳಿ, ಬೇರೆ ಯೋಚನೆಯೇ ಬೇಡ.

ಕೆಂಪು ವೈನ್ ತಣ್ಣಗಿರಬಾರದು ಎನ್ನುವ ಮಾತು ಇದಕ್ಕೆ ಹೊಂದುವುದಿಲ್ಲ. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಂತೂ ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿ, 13 ಡಿಗ್ರಿ ಆಸುಪಾಸಿನಲ್ಲಿ ಸುರಿಯಿರಿ.