ಬೈಕಿನ ಚಾರ್ಜಿಂಗ್ ಕೆಟ್ಟರೆ: ಕಾಯಿಲ್, ಆರ್‌ಆರ್ ಯೂನಿಟ್ ಮನೆಯಲ್ಲೇ ಬದಲಿಸುವ ಕ್ರಮ

ಸೆಲ್ಫ್ ಎಳೆಯುತ್ತಿಲ್ಲ, ಹಾರ್ನ್ ಕೀರಲಾಗಿದೆ ಎಂದ ಕೂಡಲೇ ಹೊಸ ಬ್ಯಾಟರಿ ತರುವುದು ರೂಢಿ. ಚಾರ್ಜಿಂಗಿನಲ್ಲೇ ದೋಷವಿದ್ದರೆ ಆ ಬ್ಯಾಟರಿಯೂ ಬೇಗ ಮಲಗುತ್ತದೆ. ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವುದು ಕಾಯಿಲ್ (ಸ್ಟೇಟರ್). ಆ ಎಸಿ ಕರೆಂಟನ್ನು ಡಿಸಿ ಮಾಡಿ, ವೋಲ್ಟೇಜ್ ಹದದಲ್ಲಿಟ್ಟು ಬ್ಯಾಟರಿಗೆ ಕೊಡುವುದು ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್). ಮಲ್ಪೆ, ಸುರತ್ಕಲ್, ಉಳ್ಳಾಲದ ಕಡಲ ಬದಿಯಲ್ಲಿ ಓಡುವ ಬೈಕಿನಲ್ಲಂತೂ ಮೊದಲ ಸಂಶಯ ಕಾಯಿಲಿನ ಮೇಲಲ್ಲ, ಆರ್‌ಆರ್ ಯೂನಿಟ್ ಮೇಲೂ ಅಲ್ಲ. ಅವೆರಡರ ನಡುವಿನ ಕಪ್ಲರ್ (ವಯರು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಮೇಲಿರಲಿ. ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಸೇರಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಪಿನ್ ಕರೆಂಟ್ ಹರಿಯುವಾಗ ಕಾದು, ಸುತ್ತಲಿನ ಪ್ಲಾಸ್ಟಿಕ್ ಕರಗಿಸುತ್ತದೆ.

ಕೆಳಗಿನ ಕ್ರಮ ಕಾಯಿಲಿನಿಂದ ಒಂದೇ ಬಣ್ಣದ ಮೂರು ವಯರು, ಹೆಚ್ಚಾಗಿ ಹಳದಿ, ಬರುವ ತ್ರೀ ಫೇಸ್ ಬೈಕುಗಳಿಗೆ. ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಕೈ ಹಾಕಬೇಡಿ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ಮೇಲಿರಬೇಕು. ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಸೋತಿದೆ. ಅದು ಸರಿಯಿದ್ದರೆ ಬೈಕನ್ನು ಶೆಡ್ಡಿನಿಂದ ಅಂಗಳಕ್ಕೆ ತಂದು ಸ್ಟಾರ್ಟ್ ಮಾಡಿ, 4000–5000 ಆರ್‌ಪಿಎಮ್‌ನಲ್ಲಿ ಟರ್ಮಿನಲ್ ಮೇಲೆ ಅಳೆಯಿರಿ. 13.8ರಿಂದ 14.8 ಬಂದರೆ ಚಾರ್ಜಿಂಗ್ ಸರಿ. 15 ದಾಟಿದರೆ ಹೆಚ್ಚಾಗಿ ಆರ್‌ಆರ್ ಯೂನಿಟ್ ಹೋಗಿದೆ. 13 ಕೂಡ ಮುಟ್ಟದಿದ್ದರೆ ಕಾಯಿಲ್, ಕಪ್ಲರ್, ಆರ್‌ಆರ್ ಮೂರರಲ್ಲಿ ಯಾವುದೂ ಇರಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವಯರು ಕಳಚಿ ನೋಡುವ ಹಳೇ ಪರೀಕ್ಷೆ ಮಾತ್ರ ಬೇಡವೇ ಬೇಡ. ವೋಲ್ಟೇಜ್ ಒಮ್ಮೆಲೆ ಜಿಗಿದು, ಫ್ಯುಯೆಲ್ ಇಂಜೆಕ್ಷನ್ ಇರುವ ಬಿಎಸ್-6 ಬೈಕಿನ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಸುಟ್ಟುಹೋದೀತು.

ಎಂಜಿನ್ ನಿಲ್ಲಿಸಿ ಹಳದಿ ವಯರುಗಳ ಕಪ್ಲರ್ ಬಿಚ್ಚಿ. ಕಾಯಿಲಿನ ಬದಿಯಲ್ಲಿ ಎರಡೆರಡು ವಯರಿನ ನಡುವೆ ಓಮ್ ಅಳೆದರೆ ಮೂರು ಜೋಡಿಯಲ್ಲೂ ಒಂದೇ ಅಳತೆ, ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ, ಬರಬೇಕು. ಯಾವ ವಯರಿಗೂ ಎಂಜಿನ್ ಬಾಡಿಗೂ ಸಂಪರ್ಕ ಇರಕೂಡದು. ಇದ್ದರೆ ಕಾಯಿಲ್ ಶಾರ್ಟ್. ನಂತರ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡಿಸಿ ನೋಡಿ. 5000 ಆರ್‌ಪಿಎಮ್‌ನಲ್ಲಿ ಬಹಳಷ್ಟು ಬೈಕುಗಳಲ್ಲಿ ಪ್ರತಿ ಜೋಡಿಗೆ 50 ವೋಲ್ಟ್‌ಗೂ ಮೇಲೆ ಬರುತ್ತದೆ. ಅಂಕಿಗಿಂತ ಮೂರೂ ಸಮ ಇವೆಯೇ ಎಂಬುದು ಮುಖ್ಯ. ಈ ಕರೆಂಟು ಹೊಡೆಯುತ್ತದೆ, ಒದ್ದೆ ಕೈ ಬೇಡ.

ಕಾಯಿಲ್ ಪಾಸಾದರೆ ಕಪ್ಲರ್ ನೋಡಿ. ಪಿನ್ ಕಪ್ಪಾಗಿದ್ದರೆ ಉಜ್ಜಿ ಮತ್ತೆ ಹಾಕುವುದು ದಂಡ. ಕತ್ತರಿಸಿ ಎಸೆದು, ಮೂರೂ ವಯರನ್ನು ತಾಮ್ರ ಹೊಳೆಯುವವರೆಗೆ ಸುಲಿದು, ಬೆಸುಗೆ ಹಾಕಿ, ಒಳಬದಿಗೆ ಅಂಟು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವಯರಿಗೆ ಬಿಗಿಯುವ ಕೊಳವೆ) ಏರಿಸಿ. ಹಳದಿಗೆ ಯಾವ ಹಳದಿ ಸೇರಿದರೂ ತೊಂದರೆಯಿಲ್ಲ. ಇನ್ಸುಲೇಶನ್ ಟೇಪ್ ನಮ್ಮ ಮಳೆಗೆ ಬಾಳುವುದಿಲ್ಲ.

ಆರ್‌ಆರ್ ಬದಲಿಸುವುದು, ಕಾಯಿಲ್, ಕಪ್ಲರ್ ಎರಡೂ ಸರಿಯಿದ್ದೂ ಚಾರ್ಜ್ ಆಗದಿದ್ದರೆ, ಎರಡು ಬೋಲ್ಟಿನ ಕೆಲಸ. ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ, ಕೊನೆಗೆ ಸೇರಿಸಿ. ಬ್ಯಾಟರಿಗೆ ಹೋಗುವ ಡಿಸಿ ಬದಿಯಲ್ಲಿ ಪ್ಲಸ್-ಮೈನಸ್ ತಪ್ಪಿದರೆ ಹೊಸದು ಆ ಕ್ಷಣವೇ ಹೋಗುತ್ತದೆ. ಕೂರುವ ಜಾಗದ ತುಕ್ಕು ಉಜ್ಜಿ, ಲೋಹಕ್ಕೆ ಲೋಹ ತಾಗುವಂತೆ ಬಿಗಿಯಿರಿ. ಬಿಸಿ ಹೊರಹೋಗುವ ಒಂದು ದಾರಿ ಅದು. ಕರಗಿದ ಹಳೇ ಕಪ್ಲರಿಗೇ ಹೊಸ ಆರ್‌ಆರ್ ಸಿಕ್ಕಿಸಿದರೆ ಅದೇ ಖರ್ಚು ಮತ್ತೊಮ್ಮೆ.

ಕಾಯಿಲಿಗೆ ಅರ್ಧ ದಿನ ಇಟ್ಟುಕೊಳ್ಳಿ. ಹೊಸ ಕಾಯಿಲ್, ಮ್ಯಾಗ್ನೆಟ್ ಕವರಿನ (ಕಾಯಿಲ್, ಮ್ಯಾಗ್ನೆಟ್ ಮುಚ್ಚುವ ಎಂಜಿನ್ ಬದಿಯ ಮುಚ್ಚಳ) ಹೊಸ ಪ್ಯಾಕಿಂಗ್, ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು), ಎಂಜಿನ್ ಆಯಿಲ್ ಮೊದಲೇ ತಂದಿಡಿ. ಎಂಜಿನ್ ತಣಿದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಆಯಿಲ್ ಇಳಿಸಿ. ಕವರಿನ ಬೋಲ್ಟುಗಳ ಉದ್ದ ಬೇರೆಬೇರೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಆಯಾ ಜಾಗಕ್ಕೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿದರೆ ಅಲ್ಯೂಮಿನಿಯಂ ಸೀಳುತ್ತದೆ. ಕವರನ್ನು ಮ್ಯಾಗ್ನೆಟ್ ಎಳೆದು ಹಿಡಿಯುತ್ತದೆ. ನೇರ ಹೊರಗೆ ಎಳೆಯಿರಿ, ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ. ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್ ಬಿದ್ದರೆ ಹುಡುಕಿ ತೆಗೆಯಿರಿ.

ಬಹಳ ಬೈಕುಗಳಲ್ಲಿ ಕಾಯಿಲ್ ಕವರಿನ ಒಳಗೇ ಮೂರು ಬೋಲ್ಟಿನಲ್ಲಿ ಕೂತಿರುತ್ತದೆ, ಪಕ್ಕದಲ್ಲಿ ಕಿಡಿಯ ಸಮಯ ತಿಳಿಸುವ ಪುಟ್ಟ ಪಿಕಪ್ ಕಾಯಿಲ್. ಹೊಸದು ಕೂರಿಸುವಾಗ ಥ್ರೆಡ್ ಲಾಕರ್ ಒಂದೇ ಹನಿ ಸಾಕು; 6 ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ. ವಯರನ್ನು ಕ್ಲಿಪ್ಪಿನಡಿ ಹಾಯಿಸಿ. ತಿರುಗುವ ಮ್ಯಾಗ್ನೆಟ್‌ಗೆ ಅದು ತಾಗಿದರೆ ಸಿಪ್ಪೆ ಕಿತ್ತು ಮತ್ತೆ ಶಾರ್ಟ್. ಹಳೇ ಪ್ಯಾಕಿಂಗನ್ನು ಬ್ಲೇಡಿನಲ್ಲಿ ಕೆರೆದರೆ ಗೀರು ಬಿದ್ದು ಆಯಿಲ್ ಜಿನುಗುತ್ತದೆ. ಬಿದಿರಿನ ಚಕ್ಕೆ ಒಳ್ಳೆಯದು. ವಯರಿನ ರಬ್ಬರ್ ಬೂಚಿನ ಸುತ್ತ ತೆಳ್ಳಗೆ ಸಿಲಿಕೋನ್ ಹಚ್ಚಿ, ಕವರಿನ ಬೋಲ್ಟುಗಳನ್ನು ಅಡ್ಡಡ್ಡ, ಎರಡು ಸುತ್ತಿನಲ್ಲಿ ಬಿಗಿಯಿರಿ.

ಆಯಿಲ್ ತುಂಬಿಸಿ, ಮೊದಲಿನಂತೆಯೇ ಟರ್ಮಿನಲ್ ವೋಲ್ಟೇಜ್ ಅಳೆಯಿರಿ. ಒಂದು ಸುತ್ತು ಹೋಗಿ ಬಂದು ಕವರಿನಡಿ ಜಿನುಗಿದೆಯೇ ನೋಡಿ. ಆರ್‌ಆರ್ ಮುಟ್ಟಲಾಗದಷ್ಟು ಬಿಸಿಯಿದ್ದರೆ ಗಾಬರಿ ಬೇಡ. ಶಂಟ್ ಮಾದರಿಯದ್ದು ಹೆಚ್ಚಾದ ಕರೆಂಟನ್ನು ಕಾಯಿಲಿಗೇ ತಿರುಗಿಸಿ ಕಳೆಯುವುದರಿಂದ ಕಾಯುವುದು ಸಹಜ. ವಯರಿನ ಜೋಡಣೆ ಬಿಸಿಯಾಗಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಬೆಸುಗೆ ಬಿಚ್ಚಿ ಮತ್ತೆ ಮಾಡಿ.